ಬಚ್ಚಲುಮನೆಯ ಬೆಂಕಿ: ಮುಗಿಯುವ ಸಂಪತ್ತು, ಮರಳಿ ಬರುವ ಸಂಪತ್ತು

ಪ್ರಕೃತಿಯು ಮಾನವನಿಗೆ ಒದಗಿಸಿರುವ ಸಂಪತ್ತನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಹಿರಿಯರು ಹೂತಿಟ್ಟುಹೋದ ಕುಡಿಕೆಯ ಹೊನ್ನಿನಂತಹುದು. ಅದರಿಂದ ಎಷ್ಟನ್ನು ತೆಗೆಯುವೆವೋ ಅಷ್ಟು ಕಡಮೆಯಾಗುವುದೇ ಹೊರತು ಅದು ತಾನಾಗಿ ಬೆಳೆಯುವುದಿಲ್ಲ. ಎರಡನೆಯದು ವರ್ಷ ವರ್ಷವೂ ಹೊಲದಿಂದ ಕಣಕ್ಕೂ ಕಣದಿಂದ ಮನೆಗೂ ಬರುವ ಬೆಳೆಯಂತಹುದು. ಈ ವರ್ಷ ಉಂಡದ್ದು ಮುಂದಿನ ವರ್ಷ ಮತ್ತೆ ಬರುತ್ತದೆ. ಕಲ್ಲಿದ್ದಲು, ಕಲ್ಲೆಣ್ಣೆ, ನೆಲದೊಳಗಿನ ಅನಿಲ, ಲೋಹದ ಅದಿರು ಇವು ಮೊದಲನೆಯ ಗುಂಪಿಗೂ, ಬಿಸಿಲು, ಗಾಳಿ, ಹರಿಯುವ ನೀರು, ಮರಗಿಡ, ದನದ ಸೆಗಣಿ ಇವು ಎರಡನೆಯ ಗುಂಪಿಗೂ ಸೇರುವುವು. ಎರಡನೆಯ ಗುಂಪಿನವನ್ನು ನವೀಕರಿಸಬಹುದಾದ ಸಂಪನ್ಮೂಲಗಳೆಂದು ಕರೆಯುವುದು ಇಂದಿನ ರೂಢಿ.

ನಮ್ಮ ನಾಡಿನ ಚರಿತ್ರೆಯಲ್ಲಿಯೇ ಈ ಎರಡು ಬಗೆಗಳಿಗೆ ಒಂದು ಸ್ಪಷ್ಟವಾದ ನಿದರ್ಶನವುಂಟು. ೧೯೦೨ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತನ್ನು ಪಡೆದು, ಅದನ್ನು ಸುಮಾರು ೧೪೭ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಗಳ ಮೂಲಕ ಸಾಗಿಸಲಾಯಿತು. ಗಣಿಗಳು ಕ್ರಮೇಣ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದುವು. ಆಳ ಹೆಚ್ಚಿದಂತೆ ವೆಚ್ಚವೂ ಹೆಚ್ಚಿತು. ಒಂದು ಟನ್ನು ಕಲ್ಲಿನಲ್ಲಿ ದೊರೆಯುವ ಚಿನ್ನವಾದರೋ ಕಡಮೆಯಾಗುತ್ತ ಬಂದಿತು. ಕಡೆಗೆ ೨೦೦೧ರಲ್ಲಿ ಗಣಿಗಳನ್ನು ಮುಚ್ಚಬೇಕಾಯಿತು. ನೆಲದಲ್ಲಿದ್ದ ಚಿನ್ನವೆಲ್ಲ ತೀರಿಹೋದುದರಿಂದಲ್ಲ. ಉಳಿದುದನ್ನು ಎತ್ತುವ ವೆಚ್ಚ ಅದರ ಬೆಲೆಯನ್ನು ಮೀರಿದುದರಿಂದ. ಮುಗಿಯುವ ಸಂಪತ್ತು ಸಾಮಾನ್ಯವಾಗಿ ಹೀಗೆಯೇ ಮುಗಿಯುವುದು. ಅತ್ತ ಶಿವನಸಮುದ್ರದಲ್ಲಿ ನೂರಿಪ್ಪತ್ತು ವರ್ಷಗಳು ಕಳೆದರೂ ಕಾವೇರಿ ಧುಮುಕುತ್ತಲೇ ಇದೆ, ವಿದ್ಯುತ್ತೂ ಉತ್ಪನ್ನವಾಗುತ್ತಲೇ ಇದೆ. ಚಿನ್ನಕ್ಕೆ ಸೇವೆ ಸಲ್ಲಿಸಲು ಬಂದ ನೀರು ಚಿನ್ನಕ್ಕಿಂತ ಹೆಚ್ಚು ಕಾಲ ಬಾಳಿತು.

ಈ ನಿದರ್ಶನದಿಂದ ಮರಳಿ ಬರುವ ಸಂಪತ್ತನ್ನೇ ಆರಿಸಿಕೊಳ್ಳತಕ್ಕುದೆಂದು ಹೇಳಿ ಮುಗಿಸುವುದು ಸುಲಭ. ಆದರೆ ವಿಷಯವು ಅಷ್ಟು ಸರಳವಲ್ಲ. ಮರಳಿ ಬರುವುದೆಂದರೆ ಎಷ್ಟು ಕಾಲದಲ್ಲಿ ಮರಳಿ ಬರುವುದು? ನಾವು ತೆಗೆದುಕೊಳ್ಳುವ ವೇಗವೆಷ್ಟು, ಅದು ತುಂಬಿಕೊಳ್ಳುವ ವೇಗವೆಷ್ಟು? ಈ ಎರಡು ವೇಗಗಳನ್ನು ಹೋಲಿಸದೆ ಯಾವ ವಸ್ತುವನ್ನೂ ಅಕ್ಷಯವೆಂದು ಹೇಳಲಾಗದು. ಇದನ್ನು ಮನಗಾಣಲು ದೊಡ್ಡ ಕಾರ್ಖಾನೆಗಳಿಗೆ ಹೋಗಬೇಕಾಗಿಲ್ಲ. ಪ್ರತಿಯೊಂದು ಮನೆಯಲ್ಲಿಯೂ ಬೆಳಗಾದರೆ ನಡೆಯುವ ಒಂದು ಕೆಲಸವನ್ನು, ಎಂದರೆ ಸ್ನಾನಕ್ಕೆ ನೀರು ಕಾಯಿಸುವ ಕೆಲಸವನ್ನು, ಪರೀಕ್ಷಿಸಿ ನೋಡೋಣ.

ಒಂದು ಮನೆಯ ಬಿಸಿನೀರಿನ ಲೆಕ್ಕ

ಐದು ಜನರಿರುವ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಅವರೆಲ್ಲರ ಸ್ನಾನಕ್ಕೆ ದಿನಕ್ಕೆ ೧೦೦ ಲೀಟರು ನೀರನ್ನು ೬೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸುವರೆನ್ನೋಣ. ಇದಕ್ಕೆ ತಣ್ಣೀರನ್ನು ಬೆರೆಸಿ ೪೦ ಡಿಗ್ರಿಗೆ ಇಳಿಸಿದರೆ ಒಟ್ಟು ಸುಮಾರು ೨೩೦ ಲೀಟರು ಹದವಾದ ನೀರಾಗುತ್ತದೆ. ಎಂದರೆ ತಲೆಗೆ ಎರಡು ಮೂರು ಬಕೆಟ್ಟುಗಳು.

ಒಂದು ಲೀಟರು ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಬೇಕಾಗುವ ಉಷ್ಣದ ಪರಿಮಾಣವೇ ಒಂದು ಕಿಲೋಕ್ಯಾಲೊರಿ. ತಣ್ಣೀರು ೨೫ ಡಿಗ್ರಿಯಲ್ಲಿದ್ದರೆ ಅದನ್ನು ೬೦ಕ್ಕೆ ಏರಿಸುವಲ್ಲಿ ೩೫ ಡಿಗ್ರಿಗಳ ಏರಿಕೆಯಾಗುತ್ತದೆ. ಆದುದರಿಂದ ೧೦೦ ಲೀಟರಿಗೆ ೩,೫೦೦ ಕಿಲೋಕ್ಯಾಲೊರಿ ಉಷ್ಣ ಬೇಕು. ವಿದ್ಯುತ್ತಿನ ಒಂದು ಯೂನಿಟ್ಟು ೮೬೦ ಕಿಲೋಕ್ಯಾಲೊರಿಗೆ ಸಮನಾದುದರಿಂದ ಇದು ನಾಲ್ಕು ಯೂನಿಟ್ಟುಗಳಿಗಿಂತ ತುಸು ಹೆಚ್ಚು. ನೀರಿಗೆ ಈ ಉಷ್ಣವು ಎಲ್ಲಿಂದ ಬಂದಿತೆಂಬುದು ತಿಳಿಯದು. ಸೌದೆಯಿಂದ ಕಾದ ನೀರಿಗೂ ಬಿಸಿಲಿನಿಂದ ಕಾದ ನೀರಿಗೂ ವ್ಯತ್ಯಾಸವಿಲ್ಲ. ಆದರೆ ೩,೫೦೦ ಕಿಲೋಕ್ಯಾಲೊರಿಯನ್ನು ನೀರಿಗೆ ಮುಟ್ಟಿಸಲು ಪ್ರಕೃತಿಯ ಕಣಜದಿಂದ ಎಷ್ಟನ್ನು ತೆಗೆಯಬೇಕಾಗುವುದೆಂಬುದು ಮಾತ್ರ ದಾರಿಯಿಂದ ದಾರಿಗೆ ಬಹಳ ಬದಲಾಗುತ್ತದೆ.

ಕಲ್ಲಿದ್ದಲಿನ ದಾರಿ

ಪಟ್ಟಣದ ಮನೆಗಳಲ್ಲಿ ಈಗ ಸಾಮಾನ್ಯವಾಗಿರುವುದು ವಿದ್ಯುತ್ ಗೀಸರು. ಗುಂಡಿಯನ್ನು ಒತ್ತಿದರೆ ಸಾಕು, ಹೊಗೆಯಿಲ್ಲ, ಬೂದಿಯಿಲ್ಲ. ಆದರೆ ಹೊಗೆಯೂ ಬೂದಿಯೂ ಇಲ್ಲವಾಗಿಲ್ಲ. ಅವು ಬೇರೊಂದು ಊರಿಗೆ ವರ್ಗವಾಗಿರುವುವು, ಅಷ್ಟೆ. ಭಾರತದಲ್ಲಿ ೨೦೨೦ರ ದಶಕದ ಮೊದಲ ವರ್ಷಗಳಲ್ಲಿ ಉತ್ಪನ್ನವಾದ ವಿದ್ಯುತ್ತಿನಲ್ಲಿ ಸುಮಾರು ಮುಕ್ಕಾಲು ಪಾಲು ಕಲ್ಲಿದ್ದಲಿನಿಂದ ಬಂದುದು. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ. ಕೃಷ್ಣೆಯ ದಡದಲ್ಲಿ ಶಕ್ತಿನಗರದಲ್ಲಿರುವ ರಾಯಚೂರು ಶಾಖೋತ್ಪನ್ನ ಕೇಂದ್ರಕ್ಕೆ ಬೇಕಾದ ಕಲ್ಲಿದ್ದಲು ತೆಲಂಗಾಣದ ಸಿಂಗರೇಣಿಯೇ ಮೊದಲಾದ ಹೊರನಾಡಿನ ಗಣಿಗಳಿಂದ ರೈಲಿನಲ್ಲಿ ಬರಬೇಕು.

ಈಗ ಲೆಕ್ಕವನ್ನು ಹಿಮ್ಮುಖವಾಗಿ ಮಾಡೋಣ. ನೀರಿಗೆ ಸೇರಬೇಕಾದುದು ನಾಲ್ಕು ಯೂನಿಟ್ಟಿನಷ್ಟು ಉಷ್ಣ. ಗೀಸರಿನ ತೊಟ್ಟಿಯಿಂದ ಸೋರಿಹೋಗುವ ಉಷ್ಣವನ್ನು ಸೇರಿಸಿದರೆ ಮನೆಯ ಮೀಟರಿನಲ್ಲಿ ನಾಲ್ಕೂವರೆ ಯೂನಿಟ್ಟುಗಳಾಗುವುವು. ದಾರಿಯ ತಂತಿಗಳಲ್ಲಿಯೂ ಟ್ರಾನ್ಸ್‌ಫಾರ್ಮರುಗಳಲ್ಲಿಯೂ ನಷ್ಟವಾಗುವುದನ್ನು ಎಣಿಸಿದರೆ ಉತ್ಪಾದನಾ ಕೇಂದ್ರದಲ್ಲಿ ಐದು ಯೂನಿಟ್ಟುಗಳಿಗೂ ಹೆಚ್ಚು ಬೇಕು. ನಮ್ಮ ದೇಶದ ಕಲ್ಲಿದ್ದಲಿನಿಂದ ಒಂದು ಯೂನಿಟ್ಟನ್ನು ಪಡೆಯಲು ಸುಮಾರು ೭೦೦ ಗ್ರಾಂ ಕಲ್ಲಿದ್ದಲನ್ನು ಸುಡಬೇಕಾಗುತ್ತದೆ. ಹೀಗೆ ಒಂದು ಮನೆಯ ಒಂದು ದಿನದ ಸ್ನಾನಕ್ಕೆ ಸುಮಾರು ಮೂರೂವರೆ ಕಿಲೋಗ್ರಾಂ ಕಲ್ಲಿದ್ದಲು ವೆಚ್ಚವಾಗುತ್ತದೆ. ಅದರಿಂದ ಒಂದು ಕಿಲೋಗ್ರಾಮಿಗೂ ಹೆಚ್ಚು ಬೂದಿಯೂ ಸುಮಾರು ಐದು ಕಿಲೋಗ್ರಾಂ ಇಂಗಾಲದ ಡೈಆಕ್ಸೈಡೂ ಹೊರಬರುವುವು. ವರ್ಷಕ್ಕೆ ಲೆಕ್ಕಹಾಕಿದರೆ ಒಂದು ಮನೆಯ ಬಚ್ಚಲಿಗೆ ಒಂದು ಟನ್ನಿಗೂ ಮೀರಿದ ಕಲ್ಲಿದ್ದಲು!

ಮೂರೂವರೆ ಕಿಲೋಗ್ರಾಂ ಕಲ್ಲಿದ್ದಲಿನಲ್ಲಿ ಅಡಗಿರುವ ಉಷ್ಣ ಸುಮಾರು ೧೨,೫೦೦ ಕಿಲೋಕ್ಯಾಲೊರಿ. ನೀರಿಗೆ ಮುಟ್ಟಿದುದು ೩,೫೦೦. ಮಿಕ್ಕ ಮುಕ್ಕಾಲು ಪಾಲಿನಷ್ಟು ಎಲ್ಲಿಗೆ ಹೋಯಿತು? ಇದು ಎಂಜಿನಿಯರುಗಳ ಅಜಾಗರೂಕತೆಯ ಫಲವಲ್ಲ. ಉಷ್ಣವನ್ನು ಯಂತ್ರದ ಚಲನೆಯಾಗಿ ಮಾರ್ಪಡಿಸುವಾಗ ಅದರಲ್ಲಿ ದೊಡ್ಡದೊಂದು ಪಾಲನ್ನು ತಣ್ಣನೆಯ ನೀರಿಗೋ ಗಾಳಿಗೋ ಬಿಟ್ಟುಕೊಡಲೇಬೇಕೆಂಬುದು ಉಷ್ಣಶಾಸ್ತ್ರದ ಎರಡನೆಯ ನಿಯಮ. ಬೆಂಕಿಯಿಂದ ಉಗಿ, ಉಗಿಯಿಂದ ಚಕ್ರದ ಚಲನೆ, ಚಲನೆಯಿಂದ ವಿದ್ಯುತ್ತು, ವಿದ್ಯುತ್ತಿನಿಂದ ಮತ್ತೆ ಬಿಸಿ. ಹೊರಟ ಜಾಗಕ್ಕೇ ಬಂದು ಸೇರಲು ಇಷ್ಟು ಸುತ್ತಿ ಬಳಸಬೇಕೇ? ದೀಪಕ್ಕೆ, ಯಂತ್ರಕ್ಕೆ, ರೇಡಿಯೋವಿಗೆ ವಿದ್ಯುತ್ತೇ ಬೇಕು. ಬರಿಯ ಬೆಚ್ಚಗಿನ ನೀರಿಗೆ ಅದನ್ನು ಉಪಯೋಗಿಸುವುದು ಮೂಗುಬೊಟ್ಟಿನ ಚಿನ್ನದಿಂದ ನೇಗಿಲ ಗುಳವನ್ನು ಮಾಡಿಸಿದಂತೆ.

ಇಲ್ಲೊಂದು ಆಕ್ಷೇಪಣೆ ಬರಬಹುದು. ಕರ್ನಾಟಕದ ವಿದ್ಯುತ್ತೆಲ್ಲವೂ ಕಲ್ಲಿದ್ದಲಿನದಲ್ಲವಷ್ಟೆ? ಶರಾವತಿಯ ನೀರಿನಿಂದಲೂ ಚಿತ್ರದುರ್ಗ, ಗದಗಗಳ ಕಡೆಯ ಗಾಳಿಯಿಂದಲೂ ತುಮಕೂರು ಜಿಲ್ಲೆಯ ಪಾವಗಡದಲ್ಲಿ ೨೦೧೯ರಲ್ಲಿ ಪೂರ್ಣವಾದ ೨,೦೫೦ ಮೆಗಾವ್ಯಾಟ್ಟಿನ ಸೌರ ಕ್ಷೇತ್ರದಿಂದಲೂ ವಿದ್ಯುತ್ತು ಬರುತ್ತಿದೆ. ಈ ಮಾತು ನಿಜ. ಆದರೆ ಗೀಸರುಗಳೆಲ್ಲವೂ ಒಟ್ಟಿಗೆ ಉರಿಯುವುದು ಬೆಳಗಿನ ಆರೇಳು ಗಂಟೆಯ ಹೊತ್ತಿಗೆ. ಆಗ ಪಾವಗಡದ ಫಲಕಗಳ ಮೇಲೆ ಬಿಸಿಲು ಇನ್ನೂ ಬಲವಾಗಿ ಬಿದ್ದಿರುವುದಿಲ್ಲ. ಆ ಹೊತ್ತಿನ ಬೇಡಿಕೆಯ ಭಾರವನ್ನು ಹೊರಬೇಕಾದುದು ಬಹುಮಟ್ಟಿಗೆ ಅಣೆಕಟ್ಟಿನ ನೀರು ಮತ್ತು ಕಲ್ಲಿದ್ದಲು. ಆದುದರಿಂದ ಎಷ್ಟು ಯೂನಿಟ್ಟುಗಳೆಂಬುದರ ಜೊತೆಗೆ ಯಾವ ಹೊತ್ತಿನ ಯೂನಿಟ್ಟುಗಳೆಂಬುದನ್ನೂ ಗಮನಿಸಬೇಕು.

ಅಡಿಗೆ ಅನಿಲದಿಂದ ನೀರು ಕಾಯಿಸುವವರೂ ಉಂಟು. ಒಂದು ಕಿಲೋಗ್ರಾಂ ಅನಿಲದಲ್ಲಿ ಸುಮಾರು ೧೧,೦೦೦ ಕಿಲೋಕ್ಯಾಲೊರಿ ಉಷ್ಣವಿದೆ. ಒಳ್ಳೆಯ ಅನಿಲ ಗೀಸರು ಅದರಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ನೀರಿಗೆ ಮುಟ್ಟಿಸಬಲ್ಲುದು. ಹೀಗೆ ದಿನಕ್ಕೆ ೪೦೦ ಗ್ರಾಂ ಅನಿಲ ಸಾಕು, ೧೪.೨ ಕಿಲೋಗ್ರಾಮಿನ ಸಿಲಿಂಡರು ಬಚ್ಚಲಿಗೇ ಐದು ವಾರದಲ್ಲಿ ಮುಗಿಯುತ್ತದೆ. ಸುತ್ತು ದಾರಿಯಿಲ್ಲದುದರಿಂದ ಇದು ಕಲ್ಲಿದ್ದಲಿನ ವಿದ್ಯುತ್ತಿಗಿಂತ ಮೇಲು. ಆದರೂ ಇದು ಕುಡಿಕೆಯ ಹೊನ್ನೇ. ಅದೂ ಅರ್ಧಕ್ಕಿಂತ ಹೆಚ್ಚು ಪಾಲನ್ನು ನಮ್ಮ ದೇಶ ಹೊರದೇಶಗಳಿಂದ ಕೊಂಡುತರಬೇಕಾದ ಹೊನ್ನು.

ಕುಡಿಕೆಯನ್ನು ತುಂಬಲು ಹಿಡಿದ ಕಾಲವನ್ನೂ ಇಲ್ಲಿ ನೆನೆಯಬೇಕು. ಸಿಂಗರೇಣಿಯ ಕಲ್ಲಿದ್ದಲು ಇಪ್ಪತ್ತೈದರಿಂದ ಮೂವತ್ತು ಕೋಟಿ ವರ್ಷಗಳ ಹಿಂದೆ ಜವುಗು ನೆಲದಲ್ಲಿ ಬೆಳೆದು ಕೊಳೆತು ಹೂತುಹೋದ ಗಿಡಮರಗಳ ಅವಶೇಷ. ಅಂದಿನ ಬಿಸಿಲನ್ನೇ ನಾವು ಇಂದು ಅಗೆದು ತೆಗೆಯುತ್ತಿದ್ದೇವೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಯು ಇಲ್ಲಿ ಅಕ್ಷರಶಃ ಸತ್ಯ.

ಸೌದೆಯ ದಾರಿ

ಹಾಗಾದರೆ ಹಿಂದಿನವರ ಹಂಡೆಯೊಲೆಯೇ ಲೇಸಲ್ಲವೇ? ಮರವು ಬೆಳೆಯುವ ವಸ್ತು. ಕಡಿದರೂ ಮತ್ತೆ ಚಿಗುರುವುದು. ಒಂದು ಕಿಲೋಗ್ರಾಂ ಒಣ ಸೌದೆಯಲ್ಲಿ ಸುಮಾರು ೩,೫೦೦ ಕಿಲೋಕ್ಯಾಲೊರಿ ಉಷ್ಣವಿದೆ. ನಮ್ಮ ಲೆಕ್ಕದ ಮನೆಗೆ ಬೇಕಾದುದೂ ಅಷ್ಟೇ. ಹೀಗಿರುವಲ್ಲಿ ದಿನಕ್ಕೆ ಒಂದು ಕಿಲೋಗ್ರಾಂ ಸೌದೆ ಸಾಕಾಗಬೇಕಿತ್ತು. ಆದರೆ ಮೂರು ಕಲ್ಲುಗಳನ್ನಿಟ್ಟು ಹೂಡಿದ ತೆರೆದ ಒಲೆಯಲ್ಲಿ ಉಷ್ಣದ ಹತ್ತನೆಯ ಒಂದು ಪಾಲು ನೀರಿಗೆ ಸೇರಿದರೆ ಹೆಚ್ಚು. ಮಿಕ್ಕುದು ಗಾಳಿಗೂ ಗೋಡೆಗೂ ಸರಿಯಾಗಿ ಉರಿಯದ ಹೊಗೆಗೂ ಹೋಗುತ್ತದೆ. ಆದುದರಿಂದ ಬೇಕಾಗುವುದು ಹತ್ತು ಕಿಲೋಗ್ರಾಂ. ವರ್ಷಕ್ಕೆ ಮೂವತ್ತಾರು ಕ್ವಿಂಟಾಲು.

ಈ ಮೂವತ್ತಾರು ಕ್ವಿಂಟಾಲು ಎಲ್ಲಿಂದ ಬರುವುದೆಂಬುದೇ ಮುಖ್ಯವಾದ ಪ್ರಶ್ನೆ. ಮಲೆನಾಡಿನ ಮತ್ತು ಕರಾವಳಿಯ ತೋಟದ ಮನೆಗಳಲ್ಲಿ ತೆಂಗಿನ ಸೋಗೆ, ಕಾಯಿಸಿಪ್ಪೆ, ಅಡಕೆಸಿಪ್ಪೆ ಮೊದಲಾದುವನ್ನು ಬಚ್ಚಲೊಲೆಗೆ ಒಟ್ಟುವುದು ವಾಡಿಕೆ. ಇವು ತೋಟದಲ್ಲಿ ವರ್ಷ ವರ್ಷವೂ ತಾವಾಗಿಯೇ ಬೀಳುವ ವಸ್ತುಗಳು. ಇವನ್ನು ಸುಟ್ಟರೆ ಮರಕ್ಕೆ ಕೊಡಲಿ ಬೀಳುವುದಿಲ್ಲ. ಇದು ನಿಜವಾದ ಅರ್ಥದಲ್ಲಿ ಮರಳಿ ಬರುವ ಇಂಧನ. ಆದರೆ ಬಯಲುಸೀಮೆಯ ಒಂದು ಊರಿನಲ್ಲಿ ನೂರು ಮನೆಗಳು ಒಂದೇ ಕುರುಚಲು ಗುಡ್ಡವನ್ನು ನೆಚ್ಚಿಕೊಂಡಿದ್ದರೆ, ಅಲ್ಲಿ ಚಿಗುರುವುದಕ್ಕಿಂತ ಕಡಿಯುವುದು ಬೇಗ. ಮೊದಲು ಒಣಕಡ್ಡಿ, ಆಮೇಲೆ ಹಸಿಯ ಕೊಂಬೆ, ಕಡೆಗೆ ಬೇರು. ಅಲ್ಲಿಗೆ ಅದೇ ಸೌದೆ ಮುಗಿಯುವ ಸಂಪತ್ತಾಯಿತು. ಇದರ ಭಾರ ಮೊದಲು ಬೀಳುವುದು ಸೌದೆಯ ಹೊರೆಯನ್ನು ಹೊರುವ ಹೆಂಗಸರ ತಲೆಯ ಮೇಲೆ. ಹೊಗೆಯು ಮೊದಲು ಸೇರುವುದು ಅವರ ಮತ್ತು ಮಕ್ಕಳ ಶ್ವಾಸಕೋಶವನ್ನು.

ಈ ಸಮಸ್ಯೆಯನ್ನು ವಿಜ್ಞಾನಿಗಳು ಗಮನಿಸದೆ ಇರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಅಮೂಲ್ಯ ಕುಮಾರ್ ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ಪ್ರಾರಂಭವಾಯಿತು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಅವರು ಮನೆ ಮನೆಯ ಇಂಧನದ ಲೆಕ್ಕವನ್ನು ತೆಗೆದಾಗ, ಊರಿನ ಶಕ್ತಿಯ ಬಹು ದೊಡ್ಡ ಪಾಲು ಸೌದೆಯಿಂದಲೇ ಬರುವುದೆಂದೂ ಅದು ಬಹುಮಟ್ಟಿಗೆ ಅಡಿಗೆಗೂ ಸ್ನಾನದ ನೀರಿಗೂ ವೆಚ್ಚವಾಗುವುದೆಂದೂ ಕಂಡುಬಂದಿತು. ಆ ಕೇಂದ್ರದಲ್ಲಿ ರೂಪುಗೊಂಡ ‘ಅಸ್ತ್ರ ಒಲೆ’ಯಲ್ಲಿ ಬೆಂಕಿಯನ್ನು ಮುಚ್ಚಿದ ಗೂಡಿನಲ್ಲಿಟ್ಟು, ಬೇಕಾದಷ್ಟೇ ಗಾಳಿಯನ್ನು ಒಳಬಿಟ್ಟು, ಬಿಸಿ ಅನಿಲಗಳು ಪಾತ್ರೆಗಳ ತಳವನ್ನು ಸವರಿಕೊಂಡೇ ಹೊಗೆಗೊಳವೆಯನ್ನು ಸೇರುವಂತೆ ಏರ್ಪಡಿಸಲಾಯಿತು. ಇಂತಹ ಸುಧಾರಿಸಿದ ಒಲೆಗಳಲ್ಲಿ ಉಷ್ಣದ ನಾಲ್ಕನೆಯ ಅಥವಾ ಮೂರನೆಯ ಒಂದು ಪಾಲು ಪಾತ್ರೆಗೆ ಸೇರುವುದು. ಆಗ ನಮ್ಮ ಮನೆಯ ಹತ್ತು ಕಿಲೋಗ್ರಾಂ ಸೌದೆಯು ಮೂರು ನಾಲ್ಕು ಕಿಲೋಗ್ರಾಮಿಗೆ ಇಳಿಯುತ್ತದೆ. ಗುಡ್ಡವು ತುಂಬಿಕೊಳ್ಳುವ ವೇಗವನ್ನು ನಾವು ಹೆಚ್ಚಿಸಲಾರೆವು. ತೆಗೆಯುವ ವೇಗವನ್ನು ಮೂರನೆಯ ಒಂದಕ್ಕೆ ಇಳಿಸಬಲ್ಲೆವು. ಸೌದೆಯ ವಿಷಯದಲ್ಲಿ ಮರಳಿ ಬರುವುದಕ್ಕೂ ಮುಗಿದುಹೋಗುವುದಕ್ಕೂ ಇರುವ ಅಂತರ ಒಂದು ಒಲೆಯ ರಚನೆಯಷ್ಟೇ ಇರಬಹುದು.

ಬಿಸಿಲಿನ ದಾರಿ

ಉಳಿದುದು ಬಿಸಿಲು. ಕರ್ನಾಟಕದಲ್ಲಿ ಒಂದು ಚದರ ಮೀಟರು ನೆಲದ ಮೇಲೆ ಸರಾಸರಿಯಾಗಿ ದಿನಕ್ಕೆ ಸುಮಾರು ಐದು ಯೂನಿಟ್ಟಿನಷ್ಟು ಸೂರ್ಯಶಕ್ತಿ ಬೀಳುತ್ತದೆ. ಎರಡು ಚದರ ಮೀಟರು ಎಂದರೆ ಒಂದು ಮಂಚದಷ್ಟು ಜಾಗ. ಅದರ ಮೇಲೆ ಬೀಳುವುದು ಹತ್ತು ಯೂನಿಟ್ಟು. ಅದರಲ್ಲಿ ನೂರಕ್ಕೆ ನಲವತ್ತನ್ನು ಹಿಡಿದರೂ ನಮಗೆ ಬೇಕಾದ ನಾಲ್ಕು ಯೂನಿಟ್ಟು ಸಿಕ್ಕಿತು. ನಾಳೆ ಬೆಳಗಾದರೆ ಮತ್ತೆ ಹತ್ತು ಯೂನಿಟ್ಟು ಬಂದು ಬೀಳುತ್ತದೆ. ನಾವು ಹಿಡಿದರೂ ಸರಿ, ಬಿಟ್ಟರೂ ಸರಿ. ಇಲ್ಲಿ ಮಾತ್ರ ನಮ್ಮ ಬಳಕೆಯ ವೇಗವು ಬರುವ ವೇಗವನ್ನು ಮೀರುವ ಭಯವೇ ಇಲ್ಲ.

ಹಿಡಿಯುವ ಉಪಾಯ ಹಳೆಯದು. ಜಿನೀವಾ ನಗರದ ಸೊಸ್ಯೂರ್ ಎಂಬ ವಿಜ್ಞಾನಿ ೧೭೬೭ರಲ್ಲಿಯೇ ಗಾಜಿನ ಮುಚ್ಚಳದ ಪೆಟ್ಟಿಗೆಯೊಂದನ್ನು ಬಿಸಿಲಿಗಿಟ್ಟು, ಅದರೊಳಗೆ ನೀರಿನ ಕುದಿಯುವ ಬಿಂದುವನ್ನೂ ಮೀರಿದ ಉಷ್ಣತೆಯನ್ನು ಪಡೆದನು. ಬಿಸಿಲಿನ ಬೆಳಕು ಗಾಜನ್ನು ಸುಲಭವಾಗಿ ಹಾಯ್ದು ಒಳಹೋಗುತ್ತದೆ. ಒಳಗಿನ ಕಪ್ಪು ತಗಡು ಅದನ್ನು ಹೀರಿ ಕಾಯುತ್ತದೆ. ಕಾದ ತಗಡು ಹೊರಸೂಸುವ ಉಷ್ಣಕಿರಣಗಳಾದರೋ ಗಾಜನ್ನು ಹಾಯಲಾರವು. ಹೊರಗಿನ ಗಾಳಿಯು ತಗಡನ್ನು ತಣಿಸದಂತೆಯೂ ಗಾಜು ತಡೆಯುತ್ತದೆ. ಹೀಗೆ ಬಂದ ಉಷ್ಣ ಸೆರೆಯಾಗುತ್ತದೆ.

ಈ ತಗಡಿಗೆ ಕೊಳವೆಗಳನ್ನು ಬೆಸೆದು, ಅವುಗಳ ಮೇಲ್ತುದಿಯನ್ನೂ ಕೆಳತುದಿಯನ್ನೂ ಎತ್ತರದಲ್ಲಿರುವ ತೊಟ್ಟಿಯೊಂದಕ್ಕೆ ಜೋಡಿಸಿದರೆ ಪಂಪಿನ ಅವಶ್ಯಕತೆಯೇ ಇಲ್ಲ. ಬಿಸಿಯಾದ ನೀರು ಹಗುರವಾಗಿ ಮೇಲೇರಿ ತೊಟ್ಟಿಯನ್ನು ಸೇರುತ್ತದೆ. ತೊಟ್ಟಿಯ ತಳದ ತಣ್ಣೀರು ಭಾರದಿಂದ ಇಳಿದು ಅದರ ಜಾಗಕ್ಕೆ ಬರುತ್ತದೆ. ಬಿಸಿಲು ಇರುವವರೆಗೂ ಈ ಸುತ್ತು ತಾನಾಗಿ ನಡೆಯುತ್ತಿರುತ್ತದೆ. ಉಷ್ಣವು ಸೋರದಂತೆ ದಪ್ಪನೆಯ ಹೊದಿಕೆಯನ್ನು ಹೊದಿಸಿದ ತೊಟ್ಟಿಯಲ್ಲಿ ಮರುದಿನ ಬೆಳಗಿನವರೆಗೂ ನೀರು ಬಿಸಿಯಾಗಿರುವುದು. ನಮ್ಮ ನಾಡಿನಲ್ಲಿ ಫಲಕವನ್ನು ದಕ್ಷಿಣಕ್ಕೆ ಮುಖಮಾಡಿ ಓರೆಯಾಗಿ ನಿಲ್ಲಿಸುವುದೇಕೆಂದರೆ, ಬಿಸಿನೀರು ಹೆಚ್ಚಾಗಿ ಬೇಕಾಗುವ ಮಾಗಿಯಲ್ಲಿ ಸೂರ್ಯನು ಆಕಾಶದ ದಕ್ಷಿಣ ಭಾಗದಲ್ಲಿರುವನು.

ಅಮೆರಿಕದ ಬಾಲ್ಟಿಮೋರ್ ನಗರದ ಕ್ಲಾರೆನ್ಸ್ ಕೆಂಪ್ ೧೮೯೧ರಲ್ಲಿ ಸೌರ ಜಲತಾಪಕಕ್ಕೆ ಪೇಟೆಂಟನ್ನು ಪಡೆದನು. ಅವನ ಸಾಧನದಲ್ಲಿ ತೊಟ್ಟಿಯೇ ಬಿಸಿಲಿಗೆ ಒಡ್ಡಿಕೊಂಡಿದ್ದುದರಿಂದ ರಾತ್ರಿ ನೀರು ತಣ್ಣಗಾಗುತ್ತಿದ್ದಿತು. ೧೯೦೯ರಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಬೇಲಿ ಫಲಕವನ್ನೂ ತೊಟ್ಟಿಯನ್ನೂ ಬೇರ್ಪಡಿಸಿ, ತೊಟ್ಟಿಗೆ ಹೊದಿಕೆಯನ್ನು ಹಾಕಿ ಈ ಕೊರತೆಯನ್ನು ನೀಗಿಸಿದನು. ಜನ ಅದನ್ನು ಸಂತೋಷದಿಂದ ಕೊಂಡರು. ಆದರೆ ೧೯೨೦ರ ದಶಕದಲ್ಲಿ ಆ ಪ್ರಾಂತದಲ್ಲಿ ನೆಲದೊಳಗಿನ ಅನಿಲವು ಹೇರಳವಾಗಿಯೂ ಅಗ್ಗವಾಗಿಯೂ ದೊರೆಯತೊಡಗಿದಾಗ ಸೌರ ತಾಪಕದ ವ್ಯಾಪಾರ ಕುಗ್ಗಿಹೋಯಿತು. ಯಂತ್ರದಲ್ಲಿ ದೋಷವಿರಲಿಲ್ಲ, ಬಿಸಿಲೂ ಕಡಮೆಯಾಗಿರಲಿಲ್ಲ. ಕುಡಿಕೆಯಿಂದ ತೆಗೆದ ಹೊನ್ನಿಗೆ ತೆಗೆಯುವ ಕೂಲಿಯನ್ನು ಮಾತ್ರ ಬೆಲೆಯೆಂದು ಎಣಿಸಿ, ಕುಡಿಕೆ ಬರಿದಾಗುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಇಂದಿಗೂ ನಮ್ಮ ಆಯ್ಕೆಗಳು ತಪ್ಪುವುದು ಬಹುಮಟ್ಟಿಗೆ ಈ ಒಂದು ಲೆಕ್ಕದಲ್ಲಿಯೇ.

ಬೆಂಗಳೂರು, ಮೈಸೂರು ಮೊದಲಾದ ನಗರಗಳ ತಾರಸಿಗಳ ಮೇಲೆ ಈಗ ಸಾಲುಸಾಲಾಗಿ ಸೌರ ಜಲತಾಪಕಗಳು ಕಾಣುವುವು. ಆದರೆ ಅವುಗಳಿಗೂ ಮಿತಿಗಳುಂಟು. ಆಷಾಢ ಶ್ರಾವಣಗಳಲ್ಲಿ ಮೋಡ ಮುಸುಕಿದ ಮಲೆನಾಡಿನಲ್ಲಿ ವಾರಗಟ್ಟಲೆ ಅವು ಸಾಕಾಗವು. ಆಗ ಬಚ್ಚಲೊಲೆಯೋ ಬೇರೊಂದೋ ಜೊತೆಗಿರಬೇಕು. ಕೊಳವೆಬಾವಿಯ ಗಡಸು ನೀರು ತಾಮ್ರದ ಸಣ್ಣ ಕೊಳವೆಗಳಲ್ಲಿ ಸುಣ್ಣದ ಪದರವನ್ನು ಕಟ್ಟಿ ಅವನ್ನು ಮುಚ್ಚಿಬಿಡುವುದು. ಅಂತಹ ಊರುಗಳಲ್ಲಿ ಅಗಲವಾದ ಗಾಜಿನ ನಿರ್ವಾತ ನಳಿಕೆಗಳಿರುವ ಸಾಧನ ಮೇಲು. ಎಲ್ಲಕ್ಕಿಂತ ದೊಡ್ಡ ಅಡ್ಡಿ ಹಣದ್ದು. ಬಿಸಿಲಿಗೆ ಬೆಲೆಯಿಲ್ಲ, ಆದರೆ ಅದನ್ನು ಹಿಡಿಯುವ ಪಾತ್ರೆಗೆ ಮೊದಲೇ ಹಣ ತೆರಬೇಕು. ಬಾಡಿಗೆಯ ಮನೆಯಲ್ಲಂತೂ ತಾಪಕವನ್ನು ಕೊಳ್ಳಬೇಕಾದವನು ಮನೆಯ ಒಡೆಯ, ವಿದ್ಯುತ್ತಿನ ಬಿಲ್ಲನ್ನು ತೆರುವವನು ಬಾಡಿಗೆದಾರ. ಉಳಿತಾಯ ಒಬ್ಬನಿಗೆ, ವೆಚ್ಚ ಇನ್ನೊಬ್ಬನಿಗೆ. ಆದುದರಿಂದ ಎಲ್ಲವನ್ನೂ ಮನೆಮನೆಯ ವಿವೇಕಕ್ಕೇ ಬಿಟ್ಟರೆ ಸಾಲದು. ಕಟ್ಟಡ ಕಟ್ಟುವಾಗಲೇ ಇದನ್ನು ಕಡ್ಡಾಯಮಾಡುವ ನಿಯಮಗಳಿಗೆ ಅರ್ಥವಿರುವುದು ಇಲ್ಲಿಯೇ.

ಕಾಯಿಸುವ ನೀರು

ಇಷ್ಟು ಹೊತ್ತೂ ನಾವು ಬೆಂಕಿಯ ಲೆಕ್ಕವನ್ನು ಮಾಡಿದೆವು. ಕಾಯಿಸುವ ನೀರನ್ನು ಮರೆಯಬಾರದು. ಮಳೆಯು ವರ್ಷ ವರ್ಷವೂ ಬರುವುದರಿಂದ ನೀರು ಮರಳಿ ಬರುವ ಸಂಪತ್ತೇ ಸರಿ. ಆದರೂ ಕೋಲಾರ ಜಿಲ್ಲೆಯನ್ನು ನೋಡಿರಿ. ಹಿಂದೆ ಕೆರೆಗಳ ಕೆಳಗಿನ ತೆರೆದ ಬಾವಿಗಳಲ್ಲಿ ಏತದಿಂದಲೂ ಕಪಿಲೆಯಿಂದಲೂ ಎತ್ತಬಹುದಾದ ಆಳದಲ್ಲಿ ನೀರಿದ್ದಿತು. ಇಂದು ಅಲ್ಲಿ ಕೊಳವೆಬಾವಿಗಳು ಸಾವಿರ ಅಡಿಗಳನ್ನೂ ದಾಟಿವೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲದಿಂದ ನಿಂತಿದ್ದ ಆ ನೀರಿನಲ್ಲಿ ಅನೇಕ ಕಡೆ ಹಲ್ಲಿಗೂ ಮೂಳೆಗೂ ಕೇಡು ಮಾಡುವಷ್ಟು ಫ್ಲೋರೈಡ್ ಸೇರಿದೆ. ಮಳೆಯು ಇಂಗಿಸುವುದಕ್ಕಿಂತ ಪಂಪು ಎತ್ತುವುದು ಹೆಚ್ಚಾದಾಗ ಅಂತರ್ಜಲವೂ ಗಣಿಯ ಅದಿರಿನಂತೆಯೇ ಆಗುತ್ತದೆ. ಚಿನ್ನದ ಗಣಿ ಮುಚ್ಚಿದ ಜಿಲ್ಲೆಯಲ್ಲಿಯೇ ನೀರಿನ ಗಣಿಗಾರಿಕೆ ನಡೆಯಿತೆನ್ನಬಹುದು.

ಬೆಂಗಳೂರಿಗೆ ಬರುವ ಕಾವೇರಿಯ ನೀರಿನಲ್ಲಿಯೂ ಕಾಣದ ಇಂಧನ ಬೆರೆತಿದೆ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರು ದೂರ, ಸುಮಾರು ಐನೂರು ಮೀಟರು ಎತ್ತರಕ್ಕೆ ಅದನ್ನು ಪಂಪುಗಳಿಂದ ಏರಿಸಬೇಕು. ಸಾವಿರ ಲೀಟರು ನೀರನ್ನು ಅಷ್ಟು ಎತ್ತರಕ್ಕೆ ಏರಿಸಲು, ಪಂಪು ಮತ್ತು ಕೊಳವೆಗಳ ನಷ್ಟವನ್ನೂ ಸೇರಿಸಿದರೆ, ಸುಮಾರು ಎರಡು ಯೂನಿಟ್ಟು ವಿದ್ಯುತ್ತು ಬೇಕು. ಇತ್ತ ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು ೯೦೦ ಮಿಲಿಮೀಟರು ಮಳೆ ಬೀಳುತ್ತದೆ. ನೂರು ಚದರ ಮೀಟರಿನ ತಾರಸಿಯ ಮೇಲೆ ಅದು ೯೦,೦೦೦ ಲೀಟರಾಯಿತು. ನಮ್ಮ ಮನೆಯ ಐವರ ಸ್ನಾನಕ್ಕೆ ದಿನಕ್ಕೆ ೨೩೦ ಲೀಟರಿನಂತೆ ವರ್ಷಕ್ಕೆ ಬೇಕಾದುದು ಸುಮಾರು ೮೪,೦೦೦ ಲೀಟರು. ನೀರೂ ಅದನ್ನು ಕಾಯಿಸುವ ಬಿಸಿಲೂ ಎರಡೂ ಒಂದೇ ತಾರಸಿಯ ಮೇಲೆ ಬಂದು ಬೀಳುತ್ತಿರುವುವು. ಮಳೆಯೆಲ್ಲವನ್ನೂ ಹಿಡಿಯಲಾಗದೆಂಬುದು ದಿಟ. ಆದರೆ ಹಿಡಿದಷ್ಟೂ ಕೊಳವೆಬಾವಿಗೆ ಬಿಡುವು.

ಆಯ್ಕೆಯ ಕ್ರಮ

ಈ ಲೆಕ್ಕಗಳಿಂದ ನಿತ್ಯಜೀವನಕ್ಕೆ ಅನ್ವಯಿಸುವ ನಾಲ್ಕು ಪ್ರಶ್ನೆಗಳನ್ನು ರೂಪಿಸಿಕೊಳ್ಳಬಹುದು.

ಮೊದಲನೆಯದು: ಎಷ್ಟು ಬೇಕು? ಉಳಿಸಿದ ಬಕೆಟ್ಟು ಯಾವ ಇಂಧನದಿಂದಲೂ ಕಾಯಬೇಕಾಗಿಲ್ಲ. ತಲೆಯ ಮೇಲಿನ ಷವರನ್ನು ಹತ್ತು ಹದಿನೈದು ನಿಮಿಷ ಬಿಡುವುದಕ್ಕೂ ಎರಡು ಬಕೆಟ್ಟಿನಲ್ಲಿ ಮೀಯುವುದಕ್ಕೂ ಇರುವ ಅಂತರ ದೊಡ್ಡದು.

ಎರಡನೆಯದು: ಕೆಲಸಕ್ಕೆ ತಕ್ಕ ಶಕ್ತಿ ಯಾವುದು? ಬೆಚ್ಚಗಿನ ನೀರಿಗೆ ಬಿಸಿಲು ಸಾಕು. ಅಡಿಗೆಗೆ ಉರಿ ಬೇಕು. ನಾಲ್ಕೈದು ದನಗಳಿರುವ ಮನೆಯಲ್ಲಿ ಆ ಉರಿಯನ್ನು ಸೆಗಣಿಯ ಅನಿಲದಿಂದ ಪಡೆಯಬಹುದು. ಸೆಗಣಿಯನ್ನು ಬೆರಣಿಯಾಗಿ ತಟ್ಟಿ ಸುಟ್ಟರೆ ಗೊಬ್ಬರವೂ ಹೋಗುವುದು, ಅನಿಲವಾಗಿಸಿದರೆ ಉಳಿದ ಬಗ್ಗಡ ಹೊಲಕ್ಕೆ ಗೊಬ್ಬರವಾಗುವುದು. ದೀಪಕ್ಕೂ ಯಂತ್ರಕ್ಕೂ ಮಾತ್ರ ವಿದ್ಯುತ್ತು ಅನಿವಾರ್ಯ.

ಮೂರನೆಯದು: ತೆಗೆಯುವ ವೇಗ, ತುಂಬುವ ವೇಗ ಇವೆರಡರಲ್ಲಿ ಯಾವುದು ಹೆಚ್ಚು? ಸೌದೆಗೂ ಬಾವಿಯ ನೀರಿಗೂ ಈ ಪ್ರಶ್ನೆಯನ್ನು ತಪ್ಪದೆ ಕೇಳಬೇಕು.

ನಾಲ್ಕನೆಯದು: ಸಾಧನವು ಎಷ್ಟು ಕಾಲ ಬಾಳುವುದು? ಬಿಸಿಲು ಮುಗಿಯದಿದ್ದರೂ ಅದನ್ನು ಹಿಡಿಯುವ ತಾಮ್ರ, ಉಕ್ಕು, ಗಾಜುಗಳು ಗಣಿಗಳಿಂದ ಬಂದುವು. ಹದಿನೈದು ಇಪ್ಪತ್ತು ವರ್ಷ ನಡೆಯಬೇಕಾದ ತಾಪಕವನ್ನು ಅಲಕ್ಷ್ಯದಿಂದ ಐದು ವರ್ಷಕ್ಕೆ ಗುಜರಿಗೆ ಹಾಕಿದರೆ, ಮರಳಿ ಬರುವ ಸಂಪತ್ತಿನ ಹೆಸರಿನಲ್ಲಿ ಮುಗಿಯುವ ಸಂಪತ್ತನ್ನೇ ದು��್ದುಮಾಡಿದಂತೆ.

ಮಾಡಿ ನೋಡಿರಿ

ಈ ಲೇಖನವನ್ನು ಓದಿದ ವಿದ್ಯಾರ್ಥಿಗಳು ಒಂದು ಸುಲಭವಾದ ಪ್ರಯೋಗವನ್ನು ಮಾಡಬಹುದು. ಒಂದೇ ಅಳತೆಯ ಎರಡು ಮುಚ್ಚಳದ ಡಬ್ಬಿಗಳನ್ನು ತೆಗೆದುಕೊಂಡು ಎರಡಕ್ಕೂ ಹೊರಗೆ ದೀಪದ ಮಸಿಯನ್ನು ಬಳಿಯಿರಿ. ಪ್ರತಿಯೊಂದರಲ್ಲಿಯೂ ಒಂದೊಂದು ಲೀಟರು ನೀರನ್ನು ತುಂಬಿರಿ. ಒಂದನ್ನು ಬಯಲಿನಲ್ಲಿ ಹಾಗೆಯೇ ಇಡಿರಿ. ಇನ್ನೊಂದನ್ನು ತಳಕ್ಕೂ ಬದಿಗಳಿಗೂ ಒಣಹುಲ್ಲನ್ನು ತುರುಕಿದ ಮರದ ಪೆಟ್ಟಿಗೆಯಲ್ಲಿಟ್ಟು ಮೇಲೆ ಗಾಜಿನ ಹಲಗೆಯನ್ನು ಮುಚ್ಚಿರಿ. ಬೆಳಿಗ್ಗೆ ಹತ್ತು ಗಂಟೆಗೂ ಮಧ್ಯಾಹ್ನ ಒಂದು ಗಂಟೆಗೂ ಎರಡರ ಉಷ್ಣತೆಯನ್ನು ಅಳೆಯಿರಿ. ಜ್ವರ ನೋಡುವ ಉಷ್ಣತಾಮಾಪಕವನ್ನು ಇದಕ್ಕೆ ಬಳಸಬಾರದು, ಪ್ರಯೋಗಶಾಲೆಯದೇ ಬೇಕು. ಎಷ್ಟು ಡಿಗ್ರಿ ಏರಿತೋ ಅಷ್ಟು ಕಿಲೋಕ್ಯಾಲೊರಿ ಉಷ್ಣವನ್ನು ಆ ಒಂದು ಲೀಟರು ನೀರು ಉಳಿಸಿಕೊಂಡಿತೆಂದು ತಿಳಿಯಬಹುದು. ಎರಡಕ್ಕೂ ಬಿದ್ದ ಬಿಸಿಲು ಒಂದೇ. ಉಳಿದ ಉಷ್ಣ ಬೇರೆ ಬೇರೆ. ಸಂಪತ್ತು ಬರುವುದೊಂದು, ಅದನ್ನು ಉಳಿಸಿಕೊಳ್ಳುವ ಜಾಣ್ಮೆಯೊಂದು ಎಂಬುದು ಇದರಿಂದ ವ್ಯಕ್ತವಾಗುವುದು.

ಹಾಗೆಯೇ ಒಂದು ವಾರದ ಮಟ್ಟಿಗೆ ನಿಮ್ಮ ಮನೆಯ ಬಚ್ಚಲಿಗೆ ಎಷ್ಟು ಬಕೆಟ್ಟು ಬಿಸಿನೀರು, ಎಷ್ಟು ಯೂನಿಟ್ಟು ವಿದ್ಯುತ್ತು ಅಥವಾ ಎಷ್ಟು ಸೌದೆ ವೆಚ್ಚವಾಯಿತೆಂದು ಬರೆದಿಡಿರಿ. ಮೇಲಿನ ರೀತಿಯಲ್ಲಿ ಲೆಕ್ಕಹಾಕಿದರೆ, ನಿಮ್ಮ ಮನೆಯು ನಡೆಯುತ್ತಿರುವುದು ಕುಡಿಕೆಯ ಹೊನ್ನಿನಿಂದಲೋ ವರ್ಷದ ಬೆಳೆಯಿಂದಲೋ ಎಂಬುದು ನಿಮಗೇ ತಿಳಿಯುವುದು. ಕುಡಿಕೆಯನ್ನು ಮುಟ್ಟಲೇಬಾರದೆಂದು ನಾವು ಹೇಳುವುದಿಲ್ಲ. ಕಷ್ಟಕಾಲಕ್ಕೆಂದೇ ಹಿರಿಯರು ಅದನ್ನು ಹೂತಿಟ್ಟುದು. ಆದರೆ ಅಂಗಳದಲ್ಲಿ ಬೆಳೆ ರಾಶಿಯಾಗಿ ಬಿದ್ದಿರುವಾಗ ದಿನದ ಊಟಕ್ಕೆ ಕುಡಿಕೆಯನ್ನು ಅಗೆಯುವ ಸಂಸಾರ ಬಹುಕಾಲ ನಡೆಯಲಾರದು.